ಹೊತ್ತರಿತ ವಿಹಾರ

ಏಪ್ರಿಲ್ ತಿಂಗಳ ಎರಡನೆಯ ವಾರದಲ್ಲಿ ಶಾಲೆಗಳ ಬಾಗಿಲು ಮುಚ್ಚುತ್ತದೆ. ಆ ಹೊತ್ತಿಗೇ ಬಿಸು ಹಬ್ಬ ಬಂದು ತುಳುವರ ಪಗ್ಗು ತಿಂಗಳು ಮೊದಲಾಗುತ್ತದೆ. ಮಕ್ಕಳಿಗೆ ಬಿಡುವು ದೊರೆಯುವ ಕಾಲವೂ ಬಿಸಿಲು ತನ್ನ ಪ್ರತಾಪವನ್ನು ಮೆರೆಯುವ ಕಾಲವೂ ಒಂದೇ ಆಗಿರುವುದು ಕರಾವಳಿಯ ಬಾಲ್ಯದ ಒಂದು ವಿಪರ್ಯಾಸ. ಕಾರ್ಕಳದಿಂದ ಉಡುಪಿಯ ಕಡೆಗೆ ಹೋಗುವ ದಾರಿಯಲ್ಲಿ, ಪೇಟೆಗೆ ಹೊಂದಿಕೊಂಡೇ ಇರುವ ಕುಕ್ಕುಂದೂರಿನಲ್ಲಿ ಆ ದಿನಗಳ ಬೆಳಗಿನ ಹತ್ತು ಗಂಟೆಗೆ ಯಾವ ಮನೆಯ ಮುಂದೆ ನಿಂತರೂ ಒಂದೇ ಸಂಭಾಷಣೆ ಕಿವಿಗೆ ಬೀಳುತ್ತದೆ. “ಎಲ್ಲಿಗಾದರೂ ಹೋಗೋಣ” ಎನ್ನುತ್ತದೆ ಮಗು. “ಈ ಬಿಸಿಲಿನಲ್ಲಿಯೇ?” ಎನ್ನುತ್ತಾರೆ ಹಿರಿಯರು. ಅಲ್ಲಿಗೆ ಚರ್ಚೆ ಮುಗಿಯಿತು. ಕಿಟಕಿಯ ಪರದೆ ಇಳಿಯುತ್ತದೆ, ಫ್ಯಾನು ತಿರುಗತೊಡಗುತ್ತದೆ, ಮಗುವಿನ ಕೈಗೆ ಮೊಬೈಲಿನ ಚಿಕ್ಕ ಪರದೆ ಬರುತ್ತದೆ. ವರ್ಷವಿಡೀ ಕಾದು ಪಡೆದ ರಜೆ ಹೀಗೆ ನಾಲ್ಕು ಗೋಡೆಗಳ ನಡುವೆ ಕರಗಿಹೋಗುತ್ತದೆ.

ತುಳು ಭಾಷೆಯಲ್ಲಿ ಕುಕ್ಕು ಎಂದರೆ ಮಾವು. ಊರಿನ ಹೆಸರಿನಲ್ಲೇ ಒಂದು ಮಾವಿನ ಮರದ ನೆರಳು ಸೇರಿಕೊಂಡಿದೆಯೆಂದರೆ ಸ್ಥಳನಾಮ ಪಂಡಿತರು ಒಪ್ಪುವರೋ ಇಲ್ಲವೋ, ಬೇಸಗೆಯಲ್ಲಿ ಆ ಊರಿನ ಮಕ್ಕಳಂತೂ ಒಪ್ಪಿಯಾರು.

ಹಿರಿಯರ ಪ್ರಶ್ನೆಯಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಕರಾವಳಿಯ ಸೆಕೆಯನ್ನು ಬಲ್ಲವರೇ ಬಲ್ಲರು. ಕಲಬುರಗಿ, ರಾಯಚೂರುಗಳಲ್ಲಿ ಬೇಸಗೆಯ ಉಷ್ಣತೆ 42 ಡಿಗ್ರಿಯನ್ನು ಮುಟ್ಟುವ ದಿನಗಳಲ್ಲಿ ಕಾರ್ಕಳ, ಉಡುಪಿಗಳಲ್ಲಿ ಅದು ಸಾಮಾನ್ಯವಾಗಿ 34, 35ರ ಆಸುಪಾಸಿನಲ್ಲೇ ಇರುತ್ತದೆ. ಅಂಕಿಗಳನ್ನಷ್ಟೇ ನೋಡಿದವರು ಕರಾವಳಿಯ ಜನರನ್ನು ಸುಕುಮಾರರೆಂದು ಹಾಸ್ಯಮಾಡಬಹುದು. ಆದರೆ ಬೆವರು ಸುರಿದ ಮಾತ್ರಕ್ಕೆ ಮೈ ತಂಪಾಗುವುದಿಲ್ಲ. ಅದು ಆರಿ ಆವಿಯಾಗುವಾಗ ಮೈಯ ಕಾವನ್ನು ಹೊತ್ತೊಯ್ಯುತ್ತದೆ. ಕಡಲ ಮಗ್ಗುಲಿನ ಗಾಳಿಯಲ್ಲಿ ಮೊದಲೇ ನೀರಾವಿ ತುಂಬಿರುವುದರಿಂದ ಬೆವರು ಆರಲು ಎಡೆ ಕಾಣದೆ ಬರಿದೇ ಹರಿಯುತ್ತದೆ. ಒಣ ನಾಡಿನ 40 ಡಿಗ್ರಿಗಿಂತ ಇಲ್ಲಿನ 35 ಡಿಗ್ರಿ ಕೆಲವೊಮ್ಮೆ ಹೆಚ್ಚು ಬಳಲಿಸುವುದು ಈ ಕಾರಣದಿಂದ. ಮಕ್ಕಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಅಗತ್ಯ. ತೂಕಕ್ಕೆ ಹೋಲಿಸಿದರೆ ಮಗುವಿನ ಚರ್ಮದ ವಿಸ್ತಾರ ದೊಡ್ಡವರದಕ್ಕಿಂತ ಹೆಚ್ಚು. ಆದಕಾರಣ ಸುತ್ತಲಿನ ಕಾವನ್ನು ಅದು ಬೇಗನೆ ಹೀರಿಕೊಳ್ಳುತ್ತದೆ. ಎತ್ತರ ಕಡಿಮೆಯಾದ್ದರಿಂದ ಕಾದ ಡಾಂಬರಿನ ಉರಿಗೆ ಅದರ ಮುಖ ಹತ್ತಿರವಾಗಿರುತ್ತದೆ. ಆಟದಲ್ಲಿ ಮುಳುಗಿದ ಮೇಲಂತೂ ಬಾಯಾರಿಕೆಯ ನೆನಪೂ ಅದಕ್ಕೆ ಇರದು.

ಇಷ್ಟೆಲ್ಲ ನಿಜವಾದರೂ, ‘ಬಿಸಿಲು’ ಎಂಬ ಒಂದೇ ಮಾತಿನಿಂದ ಇಡೀ ದಿನವನ್ನು ತಳ್ಳಿಹಾಕುವುದು ನ್ಯಾಯವಲ್ಲ. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಬಿಸಿಲು ತನ್ನದೆಂದು ಕೇಳುವುದು ಬೆಳಗಿನ ಹತ್ತರಿಂದ ಸಂಜೆಯ ನಾಲ್ಕರವರೆಗಿನ ಆರು ಗಂಟೆಗಳನ್ನು. ಏಪ್ರಿಲಿನಲ್ಲಿ ಆರೂಕಾಲರ ಸುಮಾರಿಗೆ ಸೂರ್ಯೋದಯವಾಗುತ್ತದೆ. ಅಲ್ಲಿಂದ ಒಂಬತ್ತರವರೆಗೆ ಸುಮಾರು ಮೂರು ಗಂಟೆಗಳ ಕಾಲ ಈ ಸೀಮೆಯ ಹೊರಜಗತ್ತು ಯಾವ ಗಿರಿಧಾಮಕ್ಕೂ ನಾಚಬೇಕಾಗಿಲ್ಲ. ಆ ಮೂರು ಗಂಟೆಗಳನ್ನು ಮಲಗಿ ಕಳೆದು, ಮಿಂದು ತಿಂಡಿ ತಿಂದು, ಹತ್ತಕ್ಕೆ ಸಿದ್ಧರಾಗಿ ಹೊಸ್ತಿಲು ದಾಟಿದವರು ಸೂರ್ಯನನ್ನು ದೂರಿದರೆ ಅವನೇನು ಮಾಡಿಯಾನು? ಮಕ್ಕಳ ವಿಹಾರಕ್ಕೆ ಅಡ್ಡ ಬಂದಿರುವುದು ಬಹುಮಟ್ಟಿಗೆ ಹಿರಿಯರ ಬೆಳಗಿನ ನಿದ್ರೆ ಎಂದರೆ ಅನೇಕರಿಗೆ ರುಚಿಸದು. ಆದರೂ ಹೇಳಬೇಕಾದ ಮಾತು ಅದು.

ಈ ನಾಡಿನ ಹಿಂದಿನ ತಲೆಮಾರಿನವರು ಬಿಸಿಲಿನೊಡನೆ ಜಗಳವಾಡದೆ ಒಪ್ಪಂದ ಮಾಡಿಕೊಂಡಿದ್ದರು. ನೇಗಿಲು ಹೊತ್ತು ಗದ್ದೆಗೆ ಇಳಿಯುತ್ತಿದ್ದುದು ನಸುಕಿನಲ್ಲಿ. ನಡುಹಗಲು ಜಗಲಿಯ ತಂಪಿಗೆ ಮೀಸಲು. ಬೇಸಗೆಯ ಸಂಭ್ರಮಗಳನ್ನು ಅವರು ಇರುಳಿಗೆ ಸಾಗಿಸಿದ್ದರು. ಸುಗ್ಗಿ ಕಳೆದ ಬಯಲುಗದ್ದೆಯಲ್ಲಿ ಯಕ್ಷಗಾನದ ಚೆಂಡೆ ರಾತ್ರಿಯಿಡೀ ಮೊಳಗುತ್ತಿತ್ತು. ದೈವಗಳ ನೇಮ ದೀವಟಿಗೆಯ ಬೆಳಕಿನಲ್ಲಿ ನಡೆಯುತ್ತಿತ್ತು. ಹಗಲಿನ ಓಟವೇ ಪ್ರಧಾನವಾದ ಕಂಬಳಕ್ಕಾದರೋ ಚಳಿಗಾಲದ ತಿಂಗಳುಗಳನ್ನು ಆರಿಸಿಕೊಂಡರು. ಕಾರ್ಕಳದ ಬಳಿಯ ಮಿಯ್ಯಾರಿನ ಕಂಬಳ ಇಂದಿಗೂ ಆ ಕಾಲದಲ್ಲೇ ನಡೆಯುತ್ತದೆ. ಬಿಸಿಲಿಗೆ ಹೋಗಲೇಬೇಕಾದವನ ತಲೆಯ ಮೇಲೆ ಅಡಕೆಯ ಹಾಳೆಯಿಂದ ಮಾಡಿದ ಮುಟ್ಟಾಳೆ ಇರುತ್ತಿತ್ತು. ತೂಕವಿಲ್ಲದ ಆ ಟೊಪ್ಪಿಗೆ ನೆತ್ತಿಗೆ ಅಂಟಿಕೊಳ್ಳದೆ ನಡುವೆ ಗಾಳಿಯಾಡಲು ಎಡೆ ಬಿಡುತ್ತದೆ. ಇಂದು ಮಕ್ಕಳ ತಲೆಗೆ ಬಿಗಿದು ಕಟ್ಟುವ ಬಣ್ಣದ ಪ್ಲಾಸ್ಟಿಕ್ ಟೊಪ್ಪಿಗೆಗಳಿಗೆ ಈ ಗುಣವಿಲ್ಲ. ಬಿಸಿಲಿನಿಂದ ಬಂದವನಿಗೆ ಕುಶಲ ಕೇಳುವುದಕ್ಕೂ ಮೊದಲು ಬೆಲ್ಲ ಮತ್ತು ನೀರನ್ನು ಮುಂದಿಡುವ ಪದ್ಧತಿಯ ಹಿಂದೆಯೂ ಸೆಕೆಯ ಅರಿವೇ ಇದೆ.

ಪರದೇಶಗಳಲ್ಲೂ ಈ ವಿವೇಕವಿದೆ. ಸ್ಪೇನ್ ದೇಶದ ದಕ್ಷಿಣ ಭಾಗದ ಊರುಗಳಲ್ಲಿ ಬೇಸಗೆಯ ನಡುಹಗಲು ಬೀದಿಗಳು ಬರಿದಾಗಿ, ರಾತ್ರಿ ಹತ್ತರ ಹೊತ್ತಿಗೆ ಮಕ್ಕಳು ಅಜ್ಜ ಅಜ್ಜಿಯರೊಡನೆ ಊರ ಚೌಕಕ್ಕೆ ಬಂದು ಆಡುತ್ತಾರೆ. ಬಂಗಾಳದ ಬೀರಭೂಮಿಯ ಬಿಸಿಲಿನಲ್ಲಿ, 1901ರಲ್ಲಿ ರವೀಂದ್ರನಾಥ ಠಾಕೂರರು ಶಾಂತಿನಿಕೇತನದ ಶಾಲೆಯನ್ನು ಆರಂಭಿಸಿದಾಗ ಮಕ್ಕಳನ್ನು ಕೂರಿಸಿದ್ದು ಮರಗಳ ಬುಡದಲ್ಲಿ. ಬಿಸಿಲಿನ ನಾಡಿನಲ್ಲಿ ಪಾಠವನ್ನೇ ಹೊರಗೆ ಮಾಡಬಹುದಾದರೆ ಆಟವನ್ನು ಒಳಗೆ ಕೂಡಿಹಾಕುವುದೇಕೆ?

ಕುಕ್ಕುಂದೂರಿನ ಮಗುವಿಗೆ ವಿಹಾರಸ್ಥಳವನ್ನು ದೂರದಲ್ಲಿ ಹುಡುಕಬೇಕಾದ ಕಷ್ಟವೂ ಇಲ್ಲ. ಕಾರ್ಕಳದ ಗೊಮ್ಮಟಬೆಟ್ಟ ಕೆಲವೇ ಕಿಲೋಮೀಟರುಗಳ ಆಚೆ ಇದೆ. ಅಲ್ಲಿ 42 ಅಡಿ ಎತ್ತರದ ಏಕಶಿಲೆಯ ಬಾಹುಬಲಿ 1432ರಿಂದ, ಎಂದರೆ ಸುಮಾರು ಆರುನೂರು ಬೇಸಗೆಗಳಿಂದ, ಟೊಪ್ಪಿಗೆಯೂ ಇಲ್ಲದೆ ಬಿಸಿಲಿನಲ್ಲಿ ನಿಂತಿದ್ದಾನೆ. ಅವನನ್ನು ನಿಲ್ಲಿಸಿದ ವೀರಪಾಂಡ್ಯ ಭೈರರಸನ ಹೆಸರು ಪಾಠಪುಸ್ತಕದಲ್ಲಿ ಒಂದು ಸಾಲಾಗಿ ಬಂದು ಪರೀಕ್ಷೆಯ ಬಳಿಕ ಮರೆತುಹೋಗುತ್ತದೆ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಬೆಟ್ಟದ ಬುಡದಲ್ಲಿದ್ದ ಮಗು ಮಾತ್ರ ಅದನ್ನು ಮರೆಯಲಾರದು. ಬರಿಗಾಲಿಗೆ ಬಂಡೆ ತಣ್ಣಗೆ ಸೋಕುತ್ತದೆ. ಇರುಳೆಲ್ಲ ಕಾವನ್ನು ಕಳೆದುಕೊಂಡ ಕಪ್ಪುಕಲ್ಲು ಅದು. ಕಲ್ಲಿನಲ್ಲೇ ಕಡಿದ ಮೆಟ್ಟಿಲುಗಳನ್ನು ಏರಿದಂತೆ ಪೂರ್ವದಲ್ಲಿ ಘಟ್ಟದ ಸಾಲು ನೀಲಿಯಿಂದ ಬೂದಿಗೆ, ಬೂದಿಯಿಂದ ಹಸುರಿಗೆ ತಿರುಗುತ್ತದೆ. ಕೆಳಗೆ ತೆಂಗಿನ ತಲೆಗಳ ನಡುವೆ ಮಂಜಿನಂತಹ ತೆಳು ಹೊಗೆ. ಎಲ್ಲೋ ಒಂದು ಮನೆಯ ಬಚ್ಚಲೊಲೆ ಹೊತ್ತಿಕೊಂಡಿದೆ.

ಇದೇ ಬಂಡೆಗೆ ಮಧ್ಯಾಹ್ನ ಒಂದು ಗಂಟೆಗೆ ಬಂದ ಮಕ್ಕಳ ಪಾಡನ್ನೂ ನೋಡಬೇಕು. ಪಾದರಕ್ಷೆಯನ್ನು ಕಳಚಿಟ್ಟ ಮೇಲೆ ಅವರು ನಡೆಯುವುದಿಲ್ಲ, ಕುಣಿಯುತ್ತಾರೆ. ಮೂರ್ತಿಯ ಮುಖವನ್ನು ನೋಡಲು ತಲೆಯೆತ್ತಿದರೆ ಕಣ್ಣಿಗೆ ಬಿಸಿಲು ಚುಚ್ಚುತ್ತದೆ. ಅವರ ನೆನಪಿನಲ್ಲಿ ಉಳಿಯುವುದು ಸುಟ್ಟ ಅಂಗಾಲು ಮಾತ್ರ. ಸಂಜೆಯಾದರೂ ಬೆಟ್ಟ ಬೆಳಗಿನಷ್ಟು ಸುಖಕರವಲ್ಲ. ಹಗಲೆಲ್ಲ ಹೀರಿದ ಕಾವನ್ನು ಕಲ್ಲು ಕತ್ತಲಾದ ಮೇಲೂ ಉಗುಳುತ್ತಿರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮಧ್ಯಾಹ್ನ ಕಳೆದ ಬಳಿಕ ಘಟ್ಟದ ಕಡೆಯಿಂದ ಮೋಡ ಕವಿದು ಗುಡುಗು ಸಿಡಿಲು ಬರುವುದೂ ಉಂಟು. ಸುತ್ತಲೂ ಆಶ್ರಯವಿಲ್ಲದ ಬೋಳು ಬಂಡೆಯ ಮೇಲೆ ಸಿಡಿಲಿನ ಹೊತ್ತಿನಲ್ಲಿ ಮಕ್ಕಳನ್ನು ನಿಲ್ಲಿಸುವುದು ಸಾಹಸವಲ್ಲ, ಅವಿವೇಕ. ದೂರದಲ್ಲಿ ಮೊದಲ ಗುಡುಗು ಕೇಳಿದೊಡನೆ ಇಳಿದು, ಗಟ್ಟಿ ಕಟ್ಟಡವನ್ನು ಸೇರಬೇಕು, ಮರದಡಿಯಲ್ಲಿ ನಿಲ್ಲಬಾರದು.

ಬೆಟ್ಟದ ಮೇಲೆ ಹಿರಿಯರು ಮಾಡಬೇಕಾದ ಕೆಲಸ ಬಹಳವಿಲ್ಲ. ಇತಿಹಾಸದ ಉಪನ್ಯಾಸವಂತೂ ಬೇಡ. ಸುಮ್ಮನೆ ಒಂದು ಕಡೆ ಕುಳಿತರೆ ಪ್ರಶ್ನೆಗಳು ತಾವಾಗಿಯೇ ಬರುತ್ತವೆ. ಇಷ್ಟು ದೊಡ್ಡ ಕಲ್ಲನ್ನು ಇಲ್ಲಿ ನಿಲ್ಲಿಸಿದ್ದು ಹೇಗೆ? ಆಗ ಕ್ರೇನು ಇತ್ತೇ? ಮಳೆಗಾಲದಲ್ಲಿ ಗೊಮ್ಮಟನಿಗೆ ಚಳಿಯಾಗುವುದಿಲ್ಲವೇ? ಇಂಥವಕ್ಕೆಲ್ಲ ಒಡನೆಯೇ ಉತ್ತರ ಕೊಡುವ ಆತುರವೂ ಬೇಡ. ಶ್ರವಣಬೆಳಗೊಳದಲ್ಲಿ ಇದಕ್ಕಿಂತ ಎತ್ತರದ, ವೇಣೂರಿನಲ್ಲಿ 1604ರಲ್ಲಿ ನಿಲ್ಲಿಸಿದ ಇದಕ್ಕಿಂತ ಚಿಕ್ಕದಾದ ಗೊಮ್ಮಟ ಇವೆಯೆಂದು ತಿಳಿಸಿದರೆ ಮಗು ತಾನೇ ಹೋಲಿಕೆಗೆ ತೊಡಗುತ್ತದೆ. ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗಾಗಿ ದುಡಿದ, 1936ರಲ್ಲಿ ‘ಬಾಲಪ್ರಪಂಚ’ವನ್ನು ಹೊರತಂದ ಶಿವರಾಮ ಕಾರಂತರು ಇದೇ ಕರಾವಳಿಯವರು. ಮಗುವಿನ ಕುತೂಹಲವನ್ನು ಅವರಷ್ಟು ಗಂಭೀರವಾಗಿ ತೆಗೆದುಕೊಂಡವರು ವಿರಳ.

ಎಂಟು ಗಂಟೆಯ ಹೊತ್ತಿಗೆ ಕಲ್ಲು ಬೆಚ್ಚಗಾಗತೊಡಗುತ್ತದೆ. ಆಗ ಇಳಿದು ಎದುರಿನ ಚಿಕ್ಕ ದಿಣ್ಣೆಯ ಮೇಲಿರುವ ಚತುರ್ಮುಖ ಬಸದಿಗೆ ಹೋಗಬಹುದು. 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ ಈ ಬಸದಿಗೆ ನಾಲ್ಕು ದಿಕ್ಕುಗಳಲ್ಲೂ ಒಂದೇ ಬಗೆಯ ಬಾಗಿಲು. ಒಟ್ಟು 108 ಕಂಬಗಳಿವೆಯೆಂದು ಹೇಳುತ್ತಾರೆ. ಬಸದಿಯ ಸುತ್ತಲೂ ಕಂಬಗಳ ಸಾಲಿನ ಪಡಸಾಲೆ ಇರುವುದರಿಂದ ಸೂರ್ಯ ಎಲ್ಲಿದ್ದರೂ ಒಂದು ಪಕ್ಕದಲ್ಲಿ ನೆರಳು ಸಿಕ್ಕೇ ಸಿಕ್ಕುತ್ತದೆ. ನೆರಳನ್ನು ಹಿಂಬಾಲಿಸಿ ಒಂದು ಸುತ್ತು ಬಂದ ಮಗುವಿಗೆ ಸೂರ್ಯನ ಚಲನೆಯ ಪಾಠ ತಾನಾಗಿಯೇ ಆಗುತ್ತದೆ. ಇನ್ನೂ ಕಾಲಿನಲ್ಲಿ ಕಸುವಿದ್ದರೆ ಆನೆಕೆರೆಯ ದಂಡೆ ಇದೆ. ಅರಸರ ಆನೆಗಳು ಮೀಯುತ್ತಿದ್ದ ಕೆರೆಯೆಂದು ಪ್ರತೀತಿ. ಇಂದು ಆನೆ ಇಲ್ಲದಿದ್ದರೂ ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವುದನ್ನು ನೋಡಲು ಅರ್ಧ ಗಂಟೆ ಸಾಲದು. ನೀರಿನ ಬದಿಯಲ್ಲಿ ಮಾತ್ರ ಚಿಕ್ಕವರ ಕೈ ದೊಡ್ಡವರ ಕೈಯಲ್ಲೇ ಇರಬೇಕು. ಮುರಕಲ್ಲು ತೆಗೆದು ಹಾಗೆಯೇ ಬಿಟ್ಟ ಹೊಂಡಗಳು ಈ ಪ್ರದೇಶದಲ್ಲಿ ಹಲವಿವೆ. ನೀರು ತುಂಬಿ ಕೊಳದಂತೆ ತೋರುವ ಅವುಗಳ ಅಂಚು ಕಡಿದಾದ ಗೋಡೆ. ಅತ್ತ ಹೋಗುವುದೇ ಬೇಡ.

ಒಂದು ಬೆಳಗಿಗೆ ಇಷ್ಟು ಧಾರಾಳವಾಯಿತು. ಇದಕ್ಕೆ ಬೇಕಾದ ಸಾಮಗ್ರಿ ಒಂದು ಚೀಲದಷ್ಟು: ಕುಡಿಯುವ ನೀರು, ಸ್ವಲ್ಪ ಉಪ್ಪು ಹಾಕಿದ ಮಜ್ಜಿಗೆ ಅಥವಾ ಪುನರ್ಪುಳಿಯ ಪಾನಕ, ನಾಲ್ಕು ಬಾಳೆಹಣ್ಣು. ಉಡುಪು ಸಡಿಲವಾದ ಹತ್ತಿಯದಾಗಿರಲಿ. ಮಗು ಕೇಳುವವರೆಗೆ ಕಾಯದೆ ಆಗಾಗ ನೀರು ಕುಡಿಸಬೇಕು. ಯಾವ ಮಗುವಾದರೂ ತಲೆನೋವೆಂದರೆ, ಓಕರಿಸಿದರೆ, ಮಂಕಾಗಿ ಕುಳಿತರೆ ಒಡನೆ ನೆರಳಿಗೆ ಕರೆದೊಯ್ದು ಒದ್ದೆ ಬಟ್ಟೆಯಿಂದ ಮೈಯೊರಸಿ ಗಾಳಿ ಬೀಸಬೇಕು. ಮಾತು ತಡವರಿಸಿದರೆ ಅಥವಾ ಎಚ್ಚರ ತಪ್ಪಿದರೆ ಆಸ್ಪತ್ರೆಗೆ ಒಯ್ಯುವುದರಲ್ಲಿ ತಡಮಾಡಬಾರದು.

ವಿಹಾರವೆಂದರೆ ದೂರ ಹೋಗುವುದು, ಬಹಳ ನೋಡುವುದು ಎಂಬ ಭ್ರಮೆ ಮನೆಗಳಲ್ಲೂ ಇದೆ, ಶಾಲೆಗಳಲ್ಲೂ ಇದೆ. ರಾತ್ರಿ ಬಸ್ಸು ಹತ್ತಿಸಿ, ಒಂದೇ ಹಗಲಿನಲ್ಲಿ ಐದಾರು ಊರುಗಳನ್ನು ತೋರಿಸಿ, ಮರುರಾತ್ರಿ ಮರಳಿ ಕರೆತರುವ ಪ್ರವಾಸಗಳು ಇಂದಿಗೂ ನಡೆಯುತ್ತವೆ. ಪಟ್ಟಿಯಲ್ಲಿನ ಊರುಗಳು ಮುಗಿಯಬೇಕೆಂಬ ಅವಸರದಲ್ಲಿ ನಡುಹಗಲಿನ ಬಿಡುವು ಮೊದಲು ಬಲಿಯಾಗುತ್ತದೆ. ನಿದ್ದೆಗೆಟ್ಟ ಮಕ್ಕಳು, ದಣಿದ ಅಧ್ಯಾಪಕರು, ಗಡಿಯಾರವನ್ನೇ ನೋಡುವ ಚಾಲಕ: ಅಪಾಯಕ್ಕೆ ಬೇಕಾದ ಸಲಕರಣೆಗಳೆಲ್ಲ ಅಲ್ಲಿ ಒಟ್ಟುಗೂಡುತ್ತವೆ.

ಅಪಾಯವೆಂಬುದು ಬರಿಯ ಮಾತಲ್ಲ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಕಡಲಿನ ಪಾಲಾದರು. ಕಡಲಿನ ಬಳಿ ಬೆಳೆಯದ ಮಕ್ಕಳಿಗೆ ಅದು ದೊಡ್ಡದೊಂದು ಕೆರೆಯಂತೆ ಕಾಣುತ್ತದೆ. ದಡಕ್ಕೆ ಅಪ್ಪಳಿಸಿದ ನೀರು ಹಿಂದಿರುಗಲು ದಾರಿ ಹುಡುಕಿಕೊಂಡು, ಕೆಲವು ಕಡೆ ಸೆಳೆತವಾಗಿ ಒಳಕ್ಕೆ ಹರಿಯುತ್ತದೆ. ಆ ಎಡೆಯಲ್ಲಿ ಅಲೆಗಳು ಒಡೆಯುವುದು ಕಡಿಮೆ. ಆದ್ದರಿಂದಲೇ ಅದು ಶಾಂತವಾಗಿ ತೋರಿ ಅರಿಯದವರನ್ನು ಕರೆಯುತ್ತದೆ. ಸೆಳೆತಕ್ಕೆ ಸಿಕ್ಕಿದವನು ದಡದ ಕಡೆಗೇ ಈಜಿ ಸೋಲುತ್ತಾನೆ. ದಡಕ್ಕೆ ಸಮಾನಾಂತರವಾಗಿ ಸರಿದರೆ ಅದರಿಂದ ಪಾರಾಗಲು ಸಾಧ್ಯ. ಇದನ್ನು ಕರಾವಳಿಯ ಮೀನುಗಾರರ ಮಕ್ಕಳು ಬಲ್ಲರು. ಘಟ್ಟದ ಮೇಲಿನ ಮಕ್ಕಳಿಗೆ ಬಸ್ಸು ಹತ್ತುವ ಮೊದಲೇ ಯಾರಾದರೂ ಹೇಳಬೇಡವೇ?

ಇಂತಹ ದುರಂತವಾದಾಗಲೆಲ್ಲ ಪ್ರವಾಸಗಳನ್ನೇ ನಿಲ್ಲಿಸಬೇಕೆಂಬ ಕೂಗು ಏಳುತ್ತದೆ. ಮಕ್ಕಳನ್ನು ಕಳೆದುಕೊಂಡವರ ದುಃಖದ ಮುಂದೆ ವಾದ ಮಾಡುವುದು ಸಲ್ಲದು. ಆದರೂ ಮನೆಯೊಳಗೇ ಬೆಳೆದ ಮಗು ನೀರನ್ನಾಗಲಿ ಬಿಸಿಲನ್ನಾಗಲಿ ಅರಿಯುವುದೆಂತು? ಅರಿಯದ ಮಗುವೇ ಮುಂದೊಂದು ದಿನ, ಹಿರಿಯರ ಕಣ್ಣಿಲ್ಲದ ಹೊತ್ತಿನಲ್ಲಿ, ಎಲ್ಲಕ್ಕಿಂತ ಹೆಚ್ಚು ಅಪಾಯಕ್ಕೆ ಒಡ್ಡಿಕೊಳ್ಳುತ್ತದೆ. ಕುಕ್ಕುಂದೂರಿನಿಂದ ಕಾಪುವಿನ ಕಡಲತೀರ ಒಂದು ಸಂಜೆಯ ಪಯಣದ ದೂರದಲ್ಲಿದೆ. ನೆಲ ಬೇಗ ಕಾಯುತ್ತದೆ, ಕಡಲು ನಿಧಾನ. ನೆಲದ ಬಿಸಿಗಾಳಿ ಮೇಲೇರಿದಾಗ ಕಡಲ ತಂಪುಗಾಳಿ ಒಳನುಗ್ಗುತ್ತದೆ. ಹಾಗಾಗಿ ಬೆಟ್ಟಕ್ಕೆ ಬೆಳಗು ಒಳ್ಳೆಯದಾದರೆ ಕಡಲಿಗೆ ಸಂಜೆ ಒಳ್ಳೆಯದು. ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭದ ಬಳಿ ಕುಳಿತು, ಸೆಳೆತ ಎಲ್ಲಿದೆಯೆಂದು ದಡದಿಂದಲೇ ಗುರುತಿಸುವುದನ್ನು ಮಕ್ಕಳಿಗೆ ಆಟವಾಗಿ ಕಲಿಸಬಹುದು. ಕಾಲು ತೋಯಿಸಲು ಮರಳಿನ ಅಂಚು ಸಾಕು. ಮಳೆಗಾಲದ ನಾಲ್ಕು ತಿಂಗಳು ಅದೂ ಬೇಡ. ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳೇ ಆ ಕಾಲದಲ್ಲಿ ನಿಂತಿರುತ್ತವೆ.

ಹೊರಗಿನ ಬೆಳಕು ಮಕ್ಕಳ ಕಣ್ಣಿಗೂ ಬೇಕೆಂದು ಈಗ ವಿಜ್ಞಾನಿಗಳು ಹೇಳುತ್ತಿದ್ದಾರೆ. ಚೀನಾದ ಗ್ವಾಂಗ್‌ಝೌ ನಗರದ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷಗಳ ಹೊರಾಂಗಣ ತರಗತಿಯನ್ನು ಹೆಚ್ಚಾಗಿ ಸೇರಿಸಿ ಮೂರು ವರ್ಷ ನೋಡಿದಾಗ, ಆ ಮಕ್ಕಳಲ್ಲಿ ಸಮೀಪದೃಷ್ಟಿಯ ದೋಷ ಹೊಸದಾಗಿ ಕಾಣಿಸಿಕೊಂಡದ್ದು ಉಳಿದವರಿಗಿಂತ ಕಡಿಮೆ. ಈ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಸೆಕೆಯ ನಾಡೇ ಆದ ತೈವಾನಿನಲ್ಲಿ 2010ರಿಂದ ಶಾಲಾಮಕ್ಕಳು ದಿನಕ್ಕೆ ಎರಡು ಗಂಟೆ ಹೊರಗಿರಬೇಕೆಂದು ಪ್ರೋತ್ಸಾಹಿಸುತ್ತಿದ್ದಾರೆ. ಇದಕ್ಕೆ ಸುಡುಬಿಸಿಲು ಬೇಕಿಲ್ಲ. ಮರದ ನೆರಳಿನಲ್ಲಿರುವ ಬೆಳಕು ಕೂಡ ಕೋಣೆಯ ದೀಪದ ಬೆಳಕಿಗಿಂತ ಎಷ್ಟೋ ಪಾಲು ಹೆಚ್ಚು.

ಆದರೆ ಆ ಮರವೆಲ್ಲಿ? ಬೇಗ ಏಳುವುದು ಮನೆಯವರ ಹೊಣೆಯಾದರೆ ನೆರಳನ್ನು ಉಳಿಸುವುದು ಊರಿನ ಹೊಣೆ. ರಸ್ತೆ ಅಗಲವಾಗುವಾಗಲೆಲ್ಲ ಮೊದಲು ಉರುಳುವುದು ಹಿಂದಿನವರು ನೆಟ್ಟ ಸಾಲುಮರ. ಅದರ ಬದಲಿಗೆ ನಡುವಿನ ಪಟ್ಟಿಯಲ್ಲಿ ಹೂವಿನ ಗಿಡ ನೆಟ್ಟು ಲೆಕ್ಕ ಒಪ್ಪಿಸುತ್ತಾರೆ. ಮೊಣಕಾಲೆತ್ತರದ ಗಿಡದ ನೆರಳಿನಲ್ಲಿ ನಿಲ್ಲಬಲ್ಲದ್ದು ಬೆಕ್ಕು ಮಾತ್ರ. ಒಂದು ಮಾವಿನ ಮರವೋ ಹಲಸಿನ ಮರವೋ ನೆರಳು ಕೊಡುವಷ್ಟಾಗಲು ಹತ್ತಿಪ್ಪತ್ತು ವರ್ಷ ಹಿಡಿಯುತ್ತದೆ. ಮಗುವಿನ ಬಾಲ್ಯ ಅಷ್ಟು ಕಾಯುವುದಿಲ್ಲ. ಶಾಲೆಯ ಅಂಗಳಕ್ಕೆ ಸಿಮೆಂಟಿನ ಹಾಸು ಹಾಕಿ ‘ಅಭಿವೃದ್ಧಿ’ಯೆಂದು ಕರೆಯುವವರು ಏಪ್ರಿಲಿನ ಒಂದು ಮಧ್ಯಾಹ್ನ ಅದರ ಮೇಲೆ ಬರಿಗಾಲಿನಲ್ಲಿ ನಿಂತು ನೋಡಬೇಕು.

ಮುಂಜಾನೆ ಹೋದವರು ಒಂಬತ್ತರ ಹೊತ್ತಿಗೆ ಕುಕ್ಕುಂದೂರಿಗೆ ಹಿಂದಿರುಗುತ್ತಾರೆ. ಅಜ್ಜಿ ಬೆಲ್ಲದ ತುಣುಕನ್ನೂ ನೀರಿನ ತಂಬಿಗೆಯನ್ನೂ ಜಗಲಿಯ ಮೇಲೆ ಇಟ್ಟಿರುತ್ತಾಳೆ. ಬಿಸಿಲು ಅಂಗಳವನ್ನು ದಾಟಿ ಮೆಟ್ಟಿಲಿನವರೆಗೆ ಬಂದಿದೆ. ಇನ್ನು ಸಂಜೆಯವರೆಗೆ ಯಾರೂ ಹೊರಗೆ ಹೋಗುವಂತಿಲ್ಲ. ಹೋಗಬೇಕೆಂದು ಯಾರೂ ಹಟ ಹಿಡಿಯುವುದೂ ಇಲ್ಲ. ಒಳಗೆ ಬೇರೊಂದು ಜಗಳ ನಡೆದಿದೆ. ಬಸದಿಯ ಕಂಬಗಳನ್ನು ಅಣ್ಣ ಎಣಿಸಿದಾಗ 105 ಆಗಿದ್ದವು. ತಂಗಿ ಎಣಿಸಿದಾಗ 111. ಹೇಳಿಕೆಯ 108 ಇಬ್ಬರಿಗೂ ಒಪ್ಪಿಗೆಯಿಲ್ಲ. ನಾಳೆ ಬೆಳಗ್ಗೆ ಇನ್ನೊಮ್ಮೆ ಎಣಿಸದೆ ಈ ವ್ಯಾಜ್ಯ ತೀರುವಂತೆ ಕಾಣುವುದಿಲ್ಲ.